ಇಳಿಯುವಂತೆ ಕಾಣುವ ಗ್ರಾಫಿನ ಬಾಲವನ್ನು ನಾನು ಸರಿಪಡಿಸಿದ ಬಗೆ

ಕೋವಿಡ್ ಪ್ರಕರಣಗಳನ್ನು ವರದಿಯಾದ ದಿನಕ್ಕಲ್ಲ, ರೋಗಲಕ್ಷಣ ಕಾಣಿಸಿಕೊಂಡ ದಿನಕ್ಕೆ ಎಣಿಸಬೇಕು ಎಂದು 2020ರಲ್ಲಿ ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ‘ಹಾಗೆ ಎಣಿಸಿದರೆ ಕೊನೆಯ ಹತ್ತು ದಿನ ಯಾವಾಗಲೂ ಇಳಿಮುಖವೇ. ಅದನ್ನು ಕಟ್ಟಿಕೊಂಡು ಏನು ಮಾಡುತ್ತೀರಿ?’ ಎಂದರು. ಜ್ವರ ಬಂದವರು ಪರೀಕ್ಷೆಗೆ ಹೋಗಿ, ಫಲಿತಾಂಶ ಬಂದು, ಹೆಸರು ಪಟ್ಟಿಗೆ ಸೇರುವಷ್ಟರಲ್ಲಿ ವಾರ ಕಳೆದಿರುತ್ತದೆ, ನಿಜ. ಆದರೆ ಆ ಕೊರತೆಯನ್ನು ಲೆಕ್ಕ ಹಾಕಿ ತುಂಬಬಹುದು ಎಂಬುದು ನನ್ನ ಹಠ.

ಮೊದಲು ಎಲ್ಲರಂತೆ ಏಳು ದಿನಗಳ ಸರಾಸರಿ ಹಿಡಿದೆ. ವಾರಾಂತ್ಯದ ತಗ್ಗುಗಳು ಮಾಯವಾದವು, ತಿರುವು ಮಾತ್ರ ಮೂರು ದಿನ ತಡವಾಗಿ ಕಾಣತೊಡಗಿತು. ಬಾಕಿ ಉಳಿದ ಹಳೆಯ ಪ್ರಕರಣಗಳನ್ನು ಒಂದೇ ದಿನ ಸುರಿದಾಗಲಂತೂ ಇಡೀ ವಾರವೇ ಉಬ್ಬಿಕೊಂಡಿತು. ಆಮೇಲೆ ಸಿದ್ಧ ಸೂತ್ರದ ವಕ್ರರೇಖೆ ಹೊಂದಿಸಿದೆ. ಅದು ವಾರಕ್ಕೊಂದು ಶಿಖರ ತೋರಿಸಿತು. ಬಾಡಿಗೆ ಸರ್ವರ್‌ಗೂ ಸಾಫ್ಟ್‌ವೇರ್ ಚಂದಾಕ್ಕೂ ಹಲವು ತಿಂಗಳು ಸಂಬಳದ ಹತ್ತರಲ್ಲೊಂದು ಪಾಲು ಹೋಯಿತು. ಕೊನೆಗೆ ಗೆದ್ದ ವಿಧಾನಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕಾಯಿತು, ಬಿಡಿಗಾಸೂ ಬೇಕಾಗಲಿಲ್ಲ.

ದಿನವೂ ಬಿಡುಗಡೆಯಾಗುತ್ತಿದ್ದ ಪ್ರಕರಣಗಳ ಪಟ್ಟಿಯನ್ನು ದಿನಾಂಕ ಹಾಕಿ ಹಾಗೆಯೇ ಉಳಿಸಿಕೊಂಡೆ. ಇಂದಿನದರಲ್ಲಿ ನಿನ್ನೆಯದನ್ನು ಕಳೆದರೆ ಯಾವ ದಿನದ ಪ್ರಕರಣ ಎಷ್ಟು ತಡವಾಗಿ ಬಂತು ಎಂಬ ತ್ರಿಕೋನ ಕೋಷ್ಟಕ ಬೆಳೆಯುತ್ತದೆ. ನೆನಪಿನಿಂದ ಹೇಳುವುದಾದರೆ ಮೂರನೆಯ ದಿನಕ್ಕೆ ಮೂರರಲ್ಲೊಂದು ಪಾಲು, ವಾರಕ್ಕೆ ಮುಕ್ಕಾಲು, ಎರಡು ವಾರಕ್ಕೆ ಬಹುತೇಕ ಎಲ್ಲವೂ ಬಂದಿರುತ್ತಿತ್ತು. ಮೂರು ದಿನದ ಹಿಂದಿನ ಲೆಕ್ಕ 120 ಎಂದಿದ್ದರೆ ನಿಜವಾದದ್ದು 360ರ ಆಸುಪಾಸು. ಪ್ರಯೋಗಾಲಯಗಳ ವೇಗ ಬದಲಾಗುತ್ತಲೇ ಇರುವುದರಿಂದ ಈಚಿನ ಮೂರು ವಾರಗಳ ಪಾಲನ್ನಷ್ಟೇ ಬಳಸಬೇಕು. ತೀರಾ ಕೊನೆಯ ಎರಡು ದಿನಗಳಿಗೆ ಬೂದು ಬಣ್ಣ ಬಳಿದು ಬಿಡುತ್ತೇನೆ. ರಜೆಯ ವಾರಗಳನ್ನು ತಿದ್ದುವ ಉಪಾಯವೊಂದಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪಟ್ಟಿಯನ್ನು ಹಳೆಯ ಮಾದರಿಯ ಎಕ್ಸೆಲ್ ಕಡತದಲ್ಲಿ ಇಡಲೇಬೇಡಿ. ಅದರಲ್ಲಿ ಹಿಡಿಯುವುದು 65,536 ಸಾಲು, ಮಿಕ್ಕಿದ್ದಕ್ಕೆ ಜಾಗವಿಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸುಮಾರು 16,000 ಪ್ರಕರಣಗಳು ದೈನಂದಿನ ವರದಿಯಿಂದ ತಪ್ಪಿಹೋದದ್ದು ಹೀಗೆಯೇ.

ನಡುವೆ ಚರಂಡಿ ನೀರಿನ ದತ್ತಾಂಶದ ಕಡೆಗೂ ಹೊರಳಿದೆ. ವೈರಸ್ ಪ್ರಮಾಣವನ್ನು ನೇರವಾಗಿ ನೋಡಿದರೆ ಮಳೆ ಬಂದಾಗಲೆಲ್ಲ ಸೋಂಕು ತಗ್ಗಿದಂತೆ ಕಾಣುತ್ತದೆ. ಮೆಣಸಿನ ಗಿಡಕ್ಕೆ ತಗಲುವ ಒಂದು ವೈರಸ್ ಮನುಷ್ಯರ ಮಲದಲ್ಲಿ ಹೇರಳವಾಗಿರುತ್ತದೆ. ಮಳೆನೀರು ಅದನ್ನೂ ಅಷ್ಟೇ ತೆಳುವಾಗಿಸುವುದರಿಂದ, ಅದರೊಂದಿಗೆ ಅನುಪಾತ ತೆಗೆದ ಮೇಲೆ ಗೆರೆ ಹದಕ್ಕೆ ಬಂತು. ನನ್ನ ತಿದ್ದಿದ ಗ್ರಾಫಿನ ಜೊತೆಗೇ ಏರಿತು, ಜೊತೆಗೇ ಇಳಿಯಿತು.

ಮುಂದಿನ ಅಲೆ ಬಂದಾಗ ಮಾದರಿಗಳು ಪ್ರಯೋಗಾಲಯದಲ್ಲೇ ಕೊಳೆಯುತ್ತಿದ್ದವು, ಹಾಗಾಗಿ ವರದಿ ದಿನದ ಗ್ರಾಫ್ ಚಪ್ಪಟೆಯಾಗಿತ್ತು. ನನ್ನ ಗೆರೆ ಆಗಲೇ ಕಡಿದಾಗಿ ಏರುತ್ತಿತ್ತು. ಒಂದೂವರೆ ವಾರದಲ್ಲಿ ಆಸ್ಪತ್ರೆ ಹಾಸಿಗೆಗಳು ತುಂಬತೊಡಗಿದವು. ಎಲ್ಲರಿಗಿಂತ ಹೆಚ್ಚು ತಕರಾರು ತೆಗೆದಿದ್ದ ಸಹೋದ್ಯೋಗಿಯೇ ಬಂದು, ‘ಆ ಕೋಷ್ಟಕ ನನಗೂ ಕೊಡಿ’ ಎಂದರು. ಕೊಟ್ಟೆ, ಹೆಮ್ಮೆಯಿಂದಲೇ ಕೊಟ್ಟೆ.

ಈಗ ಇದೇ ವಿಧಾನವನ್ನು ಫ್ಲೂ ಪ್ರಕರಣಗಳಿಗೆ ಹಚ್ಚಿದ್ದೇನೆ. ಅಲ್ಲಿ ವಿಳಂಬದ ಲೆಕ್ಕವೇ ಬೇರೆ, ಕೋವಿಡ್‌ನ ಪಾಲುಗಳು ನಡೆಯುವುದಿಲ್ಲ. ಮಾಡುವವರು ಪಟ್ಟಿಗಳನ್ನು ಮೊದಲ ವಾರದಿಂದಲೇ ಕೂಡಿಡಿ. ಹಿಂದಿನ ಅಂಕಿಗಳ ಮೇಲೆಯೇ ಹೊಸದನ್ನು ಬರೆದುಬಿಡುವುದರಿಂದ ಅವು ಆಮೇಲೆ ಕೇಳಿದರೂ ಸಿಗುವುದಿಲ್ಲ.