ಕೇಪಿನ ಕೋವಿಯ ಮರಕ್ಕೆ ಮತ್ತೆ ಎಣ್ಣೆ ಹಿಡಿಸುವ ಬಗೆ

ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ಪರವಾನಗಿಯ ಮೇಲೆ ಉಳಿದುಕೊಂಡಿರುವ, ನಳಿಗೆಯ ಬಾಯಿಯಿಂದ ಮದ್ದು ತುಂಬಿ ಕೇಪು ಎಂಬ ಪುಟ್ಟ ಸಿಡಿಬಿಲ್ಲೆಯಿಂದ ಹಾರಿಸುವ ಕೇಪಿನ ಕೋವಿಗಳ ನಳಿಗೆಗೆ ಸಿಗುವ ಆರೈಕೆ ಅವುಗಳ ಮರಕ್ಕೆ ಸಿಗುವುದು ಅಪರೂಪ. ಮಳೆಗಾಲದ ತೇವ, ಒಲೆಯ ಹೊಗೆ, ಕೈಬೆವರು, ಆಯುಧಪೂಜೆಯ ಕುಂಕುಮ ಎಲ್ಲವೂ ಸೇರಿ ಕಪ್ಪಾದ ಹಿಡಿಯನ್ನು ಕಂಡು ಹೊಸದನ್ನೇ ಹಾಕಿಸಲು ಹೊರಡುವವರಿದ್ದಾರೆ. ಮರ ಗಟ್ಟಿಯಾಗಿದ್ದರೆ ಅದು ಬೇಕಿಲ್ಲ. ಕೈ ಹಿಡಿಯುವ ಸಪೂರ ಭಾಗ ಬಿರುಕು ಬಿಟ್ಟಿದ್ದರೆ ಅಥವಾ ಮರಕ್ಕೆ ಕುಟ್ಟೆ ಹಿಡಿದಿದ್ದರೆ ಮಾತ್ರ ಆ ಕೋವಿಯನ್ನು ಹಾರಿಸಲೇಬಾರದು; 1959ರ ಶಸ್ತ್ರಾಸ್ತ್ರ ಕಾಯ್ದೆ ದುರಸ್ತಿಗೂ ಪರವಾನಗಿ ಕೇಳುವುದರಿಂದ ಹೊಸ ಹಿಡಿ ಕೂರಿಸುವುದು ಪರವಾನಗಿ ಪಡೆದ ರಿಪೇರಿಯವರ ಕೆಲಸ. ಇಲ್ಲಿರುವುದು ಮರದ ಮೇಲ್ಮೈಯ ವಿಚಾರವಷ್ಟೇ.

ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗಿನ ಒಣ ದಿನಗಳೇ ಇದಕ್ಕೆ ಸರಿಯಾದ ಕಾಲ, ಏಕೆಂದರೆ ತೇವದ ಗಾಳಿಯಲ್ಲಿ ಎಣ್ಣೆ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ.

ಮೊದಲು ಕೋವಿ ಖಾಲಿಯಿದೆಯೇ ಎಂದು ನೋಡಬೇಕು. ನಳಿಗೆಯ ಬಾಯಿಯ ಎದುರಿಗೆ ಮುಖವನ್ನಾಗಲೀ ಕೈಯನ್ನಾಗಲೀ ತಾರದೆ ಗಜವನ್ನು (ಮದ್ದು ಜಡಿಯುವ ಉದ್ದನೆಯ ಕೋಲು) ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ಅಳೆಯಬೇಕು; ಗಜದ ತುದಿ ಕೇಪು ಕೂರುವ ಜಾಗದ ಹತ್ತಿರ ಬಾರದೆ ಮುಂಚೆಯೇ ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿದು ಕೆಲಸ ನಿಲ್ಲಿಸಿ ರಿಪೇರಿಯವರಿಗೆ ತಿಳಿಸಬೇಕು. ಕರಿಮದ್ದು ಒಣಗಿದ್ದರೆ ಎಷ್ಟು ಹಳೆಯದಾದರೂ ಸಿಡಿಯುತ್ತದೆ.

ಖಾಲಿಯೆಂದು ಖಚಿತವಾದ ಮೇಲೆ ನಳಿಗೆ ಮತ್ತು ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆ) ಭಾಗವನ್ನು ಕಳಚಿ ಬೀಗ ಹಾಕಿಟ್ಟು ಮರವನ್ನಷ್ಟೇ ಮೇಜಿಗೆ ತನ್ನಿ. ಹೆಚ್ಚಿನವರು ಇಲ್ಲಿ ನೇರವಾಗಿ ಉಪ್ಪುಕಾಗದಕ್ಕೆ ಕೈ ಹಾಕಿ, ಲೋಹ ಕೂರುವ ಅಂಚುಗಳನ್ನು ದುಂಡಗೆ ಮಾಡಿಬಿಡುತ್ತಾರೆ. ಆಮೇಲೆ ಮರ ಲೋಹಕ್ಕಿಂತ ತಗ್ಗಿ, ಆ ಸಂದಿನಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ಮೊದಲು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆದು, ಟರ್ಪೆಂಟೈನ್ ಪೂರ್ತಿ ಆರಿದ ನಂತರ ತಗ್ಗುಗಳಿರುವಲ್ಲಿ ಒದ್ದೆ ಬಟ್ಟೆಯಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕ್ಷಣಕಾಲ ಒತ್ತಿ. ಹಬೆಗೆ ಅದುಮಿದ ನಾರು ಉಬ್ಬಿ ಮೇಲೇಳುತ್ತದೆ. ಮರ ಒಣಗಿದ ಮೇಲೆ 180, 240, 320 ನಂಬರಿನ ಕಾಗದಗಳನ್ನು ಮರದ ತುಂಡಿಗೆ ಸುತ್ತಿ, ನಾರಿನ ಉದ್ದಕ್ಕೇ ಹಗುರಾಗಿ ಉಜ್ಜಿ. ಬೀಟೆ (ರೋಸ್‌ವುಡ್) ಮರದ ಧೂಳು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದಾದ್ದರಿಂದ ಮಾಸ್ಕ್ ಧರಿಸಲೇಬೇಕು.

ದಪ್ಪ ವಾರ್ನಿಷ್‌ಗಿಂತ ಕುದಿಸಿದ ಅಗಸೆ ಎಣ್ಣೆಯೇ ಮೇಲು. ವಾರ್ನಿಷ್ ಎದ್ದರೆ ಪೂರ್ತಿ ಕೆರೆಯಬೇಕು, ಎಣ್ಣೆಯ ಮೈಯನ್ನು ಸವೆದಲ್ಲೇ ಸರಿಪಡಿಸಬಹುದು. ಹಿಡಿ ಬೀಟೆಯದಾದರೆ ಅದರಲ್ಲಿ ಸಹಜವಾಗಿರುವ ಎಣ್ಣೆ ಹೊಸ ಎಣ್ಣೆ ಒಣಗುವುದನ್ನು ತಡೆಯುವುದರಿಂದ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ಎಣ್ಣೆಯನ್ನು ಅಂಗೈಯಿಂದ ತೆಳ್ಳಗೆ ತಿಕ್ಕಿ, ಅರ್ಧ ಗಂಟೆಯೊಳಗೆ ಉಳಿದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಸುತ್ತಿಗೆ ಹೋಗಿ. ನಳಿಗೆ ಕೂರುವ ಒಳಕಾಲುವೆಗೂ ಭುಜಕ್ಕೆ ತಾಗುವ ತುದಿಗೂ ಒಂದು ಸುತ್ತು ಬೇಕು, ತೇವ ನುಗ್ಗುವುದು ಅಲ್ಲಿಂದಲೇ. ಎಣ್ಣೆ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಅಥವಾ ಹೊರಗೆ ಹರಡಿ ಒಣಗಿಸಿ. ಮೈ ಅಂಟು ಬಿಟ್ಟು ಎಣ್ಣೆಯ ವಾಸನೆ ಹೋದ ಮೇಲಷ್ಟೇ ಲೋಹದ ಭಾಗಗಳನ್ನು ಮರಳಿ ಕೂರಿಸಿ.