ಠಾಣೆ ಡ್ಯೂಟಿ ನಡುವೆ ಮನೆಗೂ ಸಮಯ ಉಳಿಸುವುದು ಹೇಗೆ?
ಪೊಲೀಸರಿಗೆ ಹಬ್ಬ ಅಂದರೆ ಬಂದೋಬಸ್ತ್. ಗಣೇಶ ಹಬ್ಬ, ದಸರಾ, ಚುನಾವಣೆ ಯಾವಾಗ ಅಂತ ಮೊದಲೇ ಗೊತ್ತಿರುತ್ತದೆ ಅಲ್ವಾ? ಹಾಗಾಗಿ ಮನೆಯ ಕಾರ್ಯಕ್ರಮವನ್ನು ಅದಕ್ಕೆ ಮೊದಲೋ ಆಮೇಲೋ ಇಟ್ಟುಕೊಳ್ಳಿ. ವಿಸರ್ಜನೆ ಮೆರವಣಿಗೆ ಮುಗಿಸಿ ಬೆಳಗಿನ ಜಾವ ಬರುವವರು ಅದೇ ದಿನ ಮಕ್ಕಳನ್ನು ಅಜ್ಜಿ ಮನೆಗೆ ಕರೆದೊಯ್ಯುತ್ತೇನೆ ಅಂತ ಸುಮ್ನೆ ಮಾತು ಕೊಟ್ಟರೆ ಜಗಳ ಗ್ಯಾರಂಟಿ.

ಶಾಲೆಯ ಸಭೆ, ಅಮ್ಮನ ಆಸ್ಪತ್ರೆ ದಿನ ಇದ್ದರೆ ವಾರದ ಮುಂಚೆಯೇ ಠಾಣೆಯ ಬರವಣಿಗೆ ಕೆಲಸ ನೋಡುವ ರೈಟರ್‌ಗೆ ಹೇಳಿ, ಸಹೋದ್ಯೋಗಿ ಜೊತೆ ಡ್ಯೂಟಿ ಬದಲಾಯಿಸಿಕೊಳ್ಳಲು ಆಗುತ್ತದಾ ಅಂತ ಕೇಳಿ. ಕೊನೇ ಗಳಿಗೆಯ ರಜೆ ಸಿಗುವುದು ಅಪರೂಪ. ಅವರ ಡ್ಯೂಟಿಯನ್ನು ನೀವೂ ಒಮ್ಮೆ ಮಾಡಿಕೊಡಬೇಕು, ಮರೆಯಬೇಡಿ.

ನೈಟ್ ಡ್ಯೂಟಿ ಮುಗಿದ ಮೇಲೆ ಮೊದಲು ನಿದ್ದೆ. ಲೆಕ್ಕಪತ್ರ, ಮಕ್ಕಳ ಮಾರ್ಕ್ಸ್ ಎಲ್ಲಾ ಆಮೇಲೆ. ಇದನ್ನು ಮನೆಯವರೂ ಒಪ್ಪಬೇಕು.

ಅಪಘಾತ, ಶವ ನೋಡಿದ ದಿನ ಮಾತಾಡದೆ ಸುಮ್ಮನೆ ಕೂರುವವರೇ ಜಾಸ್ತಿ. ಪ್ರಕರಣದ ವಿವರ ಬೇಡ, 'ಇವತ್ತು ಕಷ್ಟ ಆಯ್ತು' ಅಂದರೂ ಹೆಂಡತಿಗೋ ಗಂಡನಿಗೋ ಅರ್ಥವಾಗುತ್ತದೆ. ನಿದ್ದೆಯೇ ಬರದಿದ್ದರೆ, ಕುಡಿತ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನವಿಡೀ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.