ಅಂಬಾಸಿಡರ್‌ಗೆ ದಪ್ಪ ಹೊಗೆ ಪೈಪು: ಕಾಲಿಂಚು ಹೆಚ್ಚಿದ್ದರೆ ಸಾಕು

ನಮ್ಮ ಸೋದರಳಿಯ ತನ್ನ ಮಾರ್ಕ್ 3 ಅಂಬಾಸಿಡರ್‌ಗೆ ಎರಡೂವರೆ ಇಂಚಿನ ಹೊಗೆ ಪೈಪು ಹಾಕಿಸಿಕೊಂಡು ಬಂದ. ಸದ್ದಿಗೆ ಬೀದಿ ನಾಯಿಗಳೆಲ್ಲ ಎದ್ದು ಕೂತವು. ಆಗುಂಬೆ ಘಾಟಿಯಲ್ಲಿ ಮಾತ್ರ, ಮೊದಲು ಸೆಕೆಂಡ್ ಗೇರಿನಲ್ಲಿ ಏರುತ್ತಿದ್ದ ತಿರುವುಗಳಿಗೆ ಫಸ್ಟ್ ಗೇರ್ ಹಾಕಬೇಕಾಯಿತು. ದುಡ್ಡು ಕೊಟ್ಟು ಎಳೆತ ಕಳೆದುಕೊಂಡ ಹಾಗಾಯಿತು ಅಲ್ವಾ?

ಹಳೆಯ ಪೆಟ್ರೋಲ್ ಅಂಬಾಸಿಡರ್‌ನಲ್ಲಿರುವುದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, 1489 ಸಿಸಿ. ಇದಕ್ಕೆ ಸಿಲಿಂಡರ್ ನಾಲ್ಕು, ಹೊಗೆ ಹೊರಬರುವ ಕಿಂಡಿ ಮೂರೇ. ನಡುವಿನ ಎರಡು ಸಿಲಿಂಡರಿಗೆ ಒಂದೇ ಬಾಗಿಲು. ಬಾಗಿಲಲ್ಲೇ ಇಕ್ಕಟ್ಟು ಇರುವಾಗ ಹಿಂದೆ ಚರಂಡಿ ಪೈಪು ಕಟ್ಟಿದರೆ ಏನು ಬಂತು?

ಹೊಗೆ ರಭಸವಾಗಿ ಓಡಬೇಕು. ಓಡುವ ಹೊಗೆ ತನ್ನ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ. ಅಡಿಕೆ ತೋಟದ ಕಾಲುವೆಯನ್ನು ವಿಪರೀತ ಅಗಲ ಮಾಡಿದರೆ ನೀರು ಸೋಮಾರಿಯಾಗುತ್ತದೆ, ಇಲ್ಲೂ ಹಾಗೆಯೇ. ನನ್ನ ಕಾರಿನ ಪೈಪು ಹೊರ ಅಳತೆಯಲ್ಲಿ ಒಂದೂವರೆ ಇಂಚು ಇತ್ತು. ಅದನ್ನು ಒಂದೂಮುಕ್ಕಾಲು ಇಂಚು ಮಾಡಿದರೆ ಒಳಗಿನ ಜಾಗ ಶೇಕಡಾ 40ರಷ್ಟು ಹೆಚ್ಚುತ್ತದೆ. ಎರಡು ಇಂಚಾದರೆ ಹತ್ತಿರ ಹತ್ತಿರ ದುಪ್ಪಟ್ಟು. ಎರಡೂವರೆ ಅಂದರೆ ಮೂರು ಪಟ್ಟು! ಎಂಜಿನ್ ಒಳಗೆ ಏನೂ ಬದಲಾಯಿಸಿಲ್ಲವಾದರೆ ಒಂದೂಮುಕ್ಕಾಲು ಇಂಚೇ ಸರಿ. ಇದರಲ್ಲಿ ಚೌಕಾಸಿ ಇಲ್ಲ. ನಿಮ್ಮ ಪೈಪನ್ನು ವರ್ನಿಯರ್‌ನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಂಥ ಕಡೆ ಹೋದರೆ ನೂರು ಸಲಹೆ ಸಿಗುತ್ತವೆ. ನೀವು ಬಾಗು ನೋಡಿ. ಸುಮ್ನೆ ಮೆಷಿನ್ನಿಗೆ ಕೊಟ್ಟು ಬಗ್ಗಿಸಿದ ಪೈಪು ಬಾಗಿದಲ್ಲಿ ಚಪ್ಪಟೆಯಾಗಿರುತ್ತದೆ. ಅಲ್ಲಿ ದಾರಿ ಹಳೆಯ ಪೈಪಿನಷ್ಟೇ ಕಿರಿದು, ಮತ್ತೆ ಖರ್ಚು ಯಾಕೆ? ಒಳಗೆ ಮ್ಯಾಂಡ್ರೆಲ್, ಅಂದರೆ ಪೈಪು ಚಪ್ಪಟೆಯಾಗದಂತೆ ತಡೆಯುವ ಗುಂಡು, ಇಟ್ಟು ಬಗ್ಗಿಸಿದ್ದು ಬೇಕು. ಅದು ಸಿಗದಿದ್ದರೆ ಒಣ ಮರಳು ಗಟ್ಟಿಯಾಗಿ ತುಂಬಿ, ಕಾಯಿಸಿ ಬಗ್ಗಿಸುವ ಹಳೇ ಕೈಗಳು ಇನ್ನೂ ಇದ್ದಾರೆ. ಹಾರ್ಡ್‌ವೇರ್ ಅಂಗಡಿಯ ಸತು ಲೇಪಿಸಿದ ನೀರಿನ ಜಿಐ ಪೈಪು ಮಾತ್ರ ಬೇಡವೇ ಬೇಡ. ವೆಲ್ಡಿಂಗ್ ಮಾಡುವಾಗ ಸತುವಿನ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಸ್ಟೇನ್‌ಲೆಸ್ 304 ಎಂದು ಮಾರಿದರೆ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಅಲ್ಲ.

50 ವರ್ಷ ದಾಟಿದ ಕಾರನ್ನು 2021ರ ನಿಯಮದಡಿ ವಿಂಟೇಜ್ ಎಂದು ‘ವಿಎ’ ನಂಬರಿಗೆ ಹಾಕುವ ಆಸೆ ಇದೆಯೇ? ಹಾಗಾದರೆ ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇರಕೂಡದು. ಪೈಪಿಗೆ ಜಾಗ ಸಾಲದು ಎಂದು ನೆಲದ ತಗಡು ಕತ್ತರಿಸುವವರನ್ನು ಹತ್ತಿರ ಸೇರಿಸಬೇಡಿ. ಸದ್ದು ಅತಿಯಾದರೆ ಪೊಲೀಸರೂ ಬಿಡುವುದಿಲ್ಲ. ಹಿಡಿದ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಓಡಿಸುವ ಫೋಟೊ ನೋಡಿರುತ್ತೀರಿ.

ಬಿಚ್ಚುವುದು

ಹಿಂದಿನ ರಾತ್ರಿಯೇ ಫ್ಲ್ಯಾಂಜಿನ (ಪೈಪು ಎಂಜಿನ್ ಕಡೆ ಕೂಡುವ ಅಂಚುಪಟ್ಟಿ) ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಿಚ್ಚಿ. ಮೊಂಡು ನಟ್ಟಿಗೆ ಉದ್ದದ ಪೈಪು ಹಾಕಿ ಮೀಟಬೇಡಿ, ಸ್ಟಡ್ ಮುರಿದರೆ ಎರಡು ದಿನದ ಕೆಲಸ. ಹೊಸದಾಗಿ ಹಿತ್ತಾಳೆ ನಟ್ಟು ಹಾಕಿ, ಮುಂದಿನ ಸಲ ಕೈಗೆ ಬರುತ್ತವೆ.

ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಪೈಪಿಗೆ ಬಿಡುವ ಕವಲು, ಸೋರದಿದ್ದರೆ ಅದನ್ನು ಮುಟ್ಟಬೇಡಿ. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವುದೂ ಹೊಗೆ ಹೊರಬರುವುದೂ ಒಂದೇ ಮಗ್ಗುಲಲ್ಲಿ. ಎರಡು ಮ್ಯಾನಿಫೋಲ್ಡಿಗೂ ಸೇರಿ ಒಂದೇ ದಪ್ಪ ವಾಷರ್ ಅದುಮಿ ಕೂರುತ್ತದೆ. ಎರಡೂ ಮ್ಯಾನಿಫೋಲ್ಡಿನ ಅಂಚಿನ ದಪ್ಪ ಕೂದಲೆಳೆಯಷ್ಟು ಬೇರೆಯಾದರೂ ಒಂದು ಕೂತು ಇನ್ನೊಂದು ಸೋರುತ್ತದೆ.

ತೂಗುಹಾಕುವುದು: ಎಲ್ಲರೂ ಎಡವುವುದು ಇಲ್ಲೇ

ಸಾಮಾನ್ಯವಾಗಿ ಮುಂದಿನ ಫ್ಲ್ಯಾಂಜನ್ನು ಮೊದಲೇ ಬಿಗಿದು, ಹಿಂದಿನದನ್ನು ಎಳೆದು ಎಳೆದು ಹ್ಯಾಂಗರಿಗೆ ಸಿಕ್ಕಿಸುತ್ತಾರೆ. ಆ ಎಳೆತವೆಲ್ಲ ಪೈಪಿನಲ್ಲೇ ಉಳಿಯುತ್ತದೆ. ಮೂರು ತಿಂಗಳಿಗೆ ಮುಂದಿನ ಪ್ಯಾಕಿಂಗ್ ಹೋಗುತ್ತದೆ, ಇಲ್ಲವೇ ವೆಲ್ಡಿಂಗ್ ಸೀಳುತ್ತದೆ. ಆಮೇಲೆ ಪ್ಯಾಕಿಂಗ್ ಕಂಪನಿಗೆ ಬೈಗುಳ.

ಎಲ್ಲವನ್ನೂ ಸಡಿಲವಾಗಿ ತೂಗುಹಾಕಿ. ಮುಂದಿನ ಪೈಪು, ಸೈಲೆನ್ಸರ್, ಹಿಂದಿನ ಪೈಪು, ಒಂದೂ ಬಿಗಿಯಾಗಿರಬಾರದು. ಮೊದಲ ಹಿಡಿಕೆ ಗೇರ್‌ಬಾಕ್ಸಿಗೆ ಬೇಕು, ಬಾಡಿಗೆ ಅಲ್ಲ. ಎಂಜಿನ್ ರಬ್ಬರ್ ಮೇಲೆ ಕೂತಿದೆ, ಆಕ್ಸಿಲರೇಟರ್ ಒತ್ತಿದಾಗ ಪಕ್ಕಕ್ಕೆ ವಾಲುತ್ತದೆ, ಪೈಪೂ ಅದರ ಜೊತೆ ವಾಲಬೇಕು. ಅಲ್ಲಿಂದ ಹಿಂದಕ್ಕೆಲ್ಲ ರಬ್ಬರ್ ಹ್ಯಾಂಗರ್. ಬೈಂಡಿಂಗ್ ವೈರ್ ಹಾಕುವವರಿಗೆ ನಮಸ್ಕಾರ. ಮೂರು ಮೀಟರ್ ಪೈಪಿನ ಬಿಸಿ 300 ಡಿಗ್ರಿ ಏರಿದರೆ ಸಾದಾ ಉಕ್ಕಿನದು 11 ಮಿ.ಮೀ. ಬೆಳೆಯುತ್ತದೆ, ಸ್ಟೇನ್‌ಲೆಸ್ 304 ಆದರೆ 16 ಮಿ.ಮೀ. ಆ ಬೆಳವಣಿಗೆಗೆ ಜಾಗ ರಬ್ಬರೇ ಕೊಡಬೇಕು.

ಈಗ ಹಿಂದಿನ ಆಕ್ಸೆಲ್. ಬಾಡಿಗೆ ಜಾಕಿ ಕೊಟ್ಟು ಎತ್ತಿ ಅಳತೆ ನೋಡಿದರೆ ಮೋಸ. ಆಕ್ಸೆಲ್ ಜೋತುಬಿದ್ದಿರುತ್ತದೆ, ಮೇಲೆ ಜಾಗ ಧಾರಾಳ ಕಾಣುತ್ತದೆ. ಕಾರು ಪಿಟ್ ಮೇಲೆ ಸ್ವಂತ ಚಕ್ರಗಳ ಮೇಲೆ ನಿಂತಿರಲಿ. ಆಕ್ಸೆಲ್‌ಗೂ ಮೇಲಿನ ರಬ್ಬರ್ ಸ್ಟಾಪರ್‌ಗೂ ಎಷ್ಟು ಅಂತರ ಇದೆ ನೋಡಿ. ಆಕ್ಸೆಲ್ ಮೇಲೆ ಹಾಯುವ ಪೈಪಿಗೆ ಅದಕ್ಕಿಂತ ಜಾಸ್ತಿ ಅಂತರ ಬೇಕು. ಇಲ್ಲವಾದರೆ ಹಿಂದಿನ ಸೀಟಿನಲ್ಲಿ ಮೂವರು ಕೂತು ಹಂಪ್ ದಾಟಿದಾಗಲೆಲ್ಲ ‘ಡಣ್’. ಬಾಡಿ, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್‌ಗಳಿಂದ ಹೆಬ್ಬೆರಳು ತೂರುವಷ್ಟು ದೂರ ಇರಲಿ. ದಪ್ಪ ಪೈಪು ಕಾಲಿಂಚು ತಿಂದುಹಾಕಿದೆ ಎನ್ನುವುದು ನೆನಪಿರಲಿ.

ಎಲ್ಲ ಕೂತಿತು ಅನಿಸಿದಾಗ ಚಾಕ್‌ಪೀಸಿನಿಂದ ಗುರುತು ಹಾಕಿ, ಎರಡೆರಡು ಚುಕ್ಕಿ ವೆಲ್ಡಿಂಗ್ (ಟ್ಯಾಕ್) ಮಾಡಿಸಿ. ಅದಕ್ಕೂ ಮೊದಲು ಬ್ಯಾಟರಿ ವೈರ್ ಬಿಚ್ಚಿ. ಪೂರ್ತಿ ವೆಲ್ಡಿಂಗ್ ಕಾರಿನಡಿ ಬೇಡ, ಪೆಟ್ರೋಲ್ ಟ್ಯಾಂಕ್ ಇದೆ. ಪೈಪು ಇಳಿಸಿ ನೆಲದ ಮೇಲೆ ಮಾಡಿಸಿ. ಮತ್ತೆ ತೂಗುಹಾಕಿ, ಎಂಜಿನ್ ಓಡಿಸಿ, ಕೈಗೆ ದಪ್ಪ ಗ್ಲೌಸ್ ಹಾಕಿ ಪೈಪು ಅಲುಗಾಡಿಸಿ. ಎಲ್ಲೂ ತಾಗದಿದ್ದರೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ.

ಬಾಲದ ಪೈಪು ಬಂಪರ್ ದಾಟಿ ಹೊರಬರಲೇಬೇಕು. ಅಂದ ಕಾಣಲಿ ಎಂದು ಬಾಗಿಲ ಕೆಳಗೆ ಮುಗಿಸಿದರೆ, ಡಿಕ್ಕಿಯ ಹಳೇ ರಬ್ಬರ್ ಸಂದಿನಿಂದಲೂ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ಸೋರಿಕೆ ನೋಡಲು ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಜೋಡಣೆಗಳಿಗೆ ಸೋಪಿನ ನೀರು ಬಿಡಿ.

ಸೈಲೆನ್ಸರಿನ ತಳದ ತಗ್ಗಿನಲ್ಲಿ 3 ಮಿ.ಮೀ. ತೂತು ಇರಲಿ. ಒಳಗಿನ ನೀರು ಇಳಿದುಹೋಗುತ್ತದೆ.

ಕೊನೆಗೆ ಒಂದು ಘಾಟಿ ಹತ್ತಿ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಎಸ್‌ಯು ಕಾರ್ಬುರೇಟರಾದರೆ ಅಡಿಯ ಜೆಟ್ ನಟ್ಟನ್ನು ಅದರ ಆರು ಮುಖಗಳಲ್ಲಿ ಒಂದರಷ್ಟು ಕೆಳಕ್ಕೆ ತಿರುಗಿಸಿ, ಮತ್ತೆ ಓಡಿಸಿ ನೋಡಿ. 200 ಕಿಲೋಮೀಟರ್ ಆದಮೇಲೆ, ಎಲ್ಲ ತಣ್ಣಗಿರುವಾಗ, ಕ್ಲಾಂಪುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.